ಡೀಸೆಲ್ ಲಾರಿಗೆ ಕರಿದುಳಿದ ಎಣ್ಣೆ: ಎರಡು ಟ್ಯಾಂಕಿನ ಕಿಟ್ ಬಳಸಿ ನೋಡಿದ ಮೇಲೆ

ಕರಿದುಳಿದ ಅಡುಗೆ ಎಣ್ಣೆಯಲ್ಲಿ ಡೀಸೆಲ್ ಲಾರಿ ಓಡಿಸಲು ಸಿಗುವ ಕಿಟ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಒಂದರಲ್ಲಿ ಲಾರಿಯ ಮೂಲ ಟ್ಯಾಂಕಿಗೇ ಎಣ್ಣೆ ತುಂಬಿ, ಇಂಧನ ಸಿಂಪಡಿಸುವ ನಾಜಲ್ ಮತ್ತು ತಣ್ಣಗಿನ ಇಂಜಿನ್ನನ್ನು ಸ್ಟಾರ್ಟ್‌ಗೆ ಕಾಯಿಸುವ ಗ್ಲೋ ಪ್ಲಗ್‌ಗಳನ್ನು ಬದಲಿಸಿ, ಎಣ್ಣೆಯಲ್ಲೇ ಇಂಜಿನ್ ಸ್ಟಾರ್ಟ್ ಆಗುವಂತೆ ಮಾಡುತ್ತಾರೆ. ಇನ್ನೊಂದರಲ್ಲಿ ಎಣ್ಣೆಗೆಂದೇ ಬೇರೆ ಟ್ಯಾಂಕು ಕೂಡಿಸುತ್ತಾರೆ. ಸ್ಟಾರ್ಟ್ ಮಾಡುವುದು ಡೀಸೆಲ್‌ನಲ್ಲಿ, ಇಂಜಿನ್ ಕಾದ ಮೇಲೆ ಎಣ್ಣೆಗೆ ಬದಲಾವಣೆ, ನಿಲ್ಲಿಸುವ ಮುನ್ನ ಮತ್ತೆ ಡೀಸೆಲ್. ನಾನು ಬಳಸುತ್ತಿರುವುದು ಈ ಎರಡನೆಯ ಬಗೆ. ಟರ್ಬೊ ಇರುವ, ನೇರ ಇಂಜೆಕ್ಷನ್ನಿನ, ಇನ್‌ಲೈನ್ ಫ್ಯೂಯೆಲ್ ಪಂಪಿನ ಹಳೆಯ ಸರಕು ಲಾರಿಗೆ ಇದನ್ನು ಕೂಡಿಸಿ ಬೇಸಿಗೆ, ಮಳೆ, ಚಳಿ ಮೂರನ್ನೂ ನೋಡಿಯಾಗಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸಿಲಿಂಡರಿಗೆ ಇಂಧನ ಒತ್ತುವ ಇಂಜೆಕ್ಷನ್ ಪಂಪಿನ ಬಾಯಿಗೆ ಎಣ್ಣೆಯನ್ನು ಎಷ್ಟು ಬಿಸಿಯಾಗಿ ತಲುಪಿಸುತ್ತದೆ ಮತ್ತು ನಿಲ್ಲಿಸುವ ಹೊತ್ತಿಗೆ ಪಂಪಿನೊಳಗಿನಿಂದ ಅದನ್ನು ಎಷ್ಟು ಪೂರ್ತಿಯಾಗಿ ಹೊರಗೆ ಹಾಕುತ್ತದೆ ಎಂಬ ಎರಡೇ ಸಂಗತಿಗಳಿಂದ ಇಂಥ ಕಿಟ್ಟನ್ನು ಅಳೆಯಬೇಕು. ಮೊದಲನೆಯದರಲ್ಲಿ ಈ ಕಿಟ್ ಪೂರ್ಣ ಅಂಕ ಪಡೆಯುತ್ತದೆ, ಎರಡನೆಯದರಲ್ಲಿ ಪಡೆಯುವುದಿಲ್ಲ.

ಬಿಸಿಗೆ ಇಷ್ಟು ಮಹತ್ವ ಏಕೆಂದರೆ ಸಸ್ಯಜನ್ಯ ಎಣ್ಣೆಯ ಮುಖ್ಯ ತೊಡಕೇ ಅದರ ಮಂದತನ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಡೀಸೆಲ್‌ನ ಸ್ನಿಗ್ಧತೆ, ಅಂದರೆ ಮಂದತನದ ಅಳತೆ, 2ರಿಂದ 4.5 ಸೆಂಟಿಸ್ಟೋಕ್ಸ್ ಇದ್ದರೆ, ಅದೇ ಉಷ್ಣತೆಯಲ್ಲಿ ಸಾಸಿವೆ ಜಾತಿಯ ರೇಪ್‌ಸೀಡ್ ಎಣ್ಣೆಯದು 35ರ ಆಸುಪಾಸಿನಲ್ಲಿರುತ್ತದೆ. ಇಷ್ಟು ಮಂದವಾದ ದ್ರವವನ್ನು ಡೀಸೆಲ್‌ಗೆಂದು ಕೊರೆದ ನಾಜಲ್ ನುಣ್ಣಗೆ ಸಿಂಪಡಿಸಲಾರದು. ಹನಿಗಳು ದಪ್ಪವಾಗುತ್ತವೆ, ದಪ್ಪ ಹನಿ ಪೂರ್ತಿ ಉರಿಯುವುದಿಲ್ಲ, ಉರಿಯದ ಭಾಗ ನಾಜಲ್ ತುದಿಯಲ್ಲಿ ಮಸಿಯಾಗಿ ಗಟ್ಟಿಯಾಗುತ್ತದೆ, ಪಿಸ್ಟನ್ ರಿಂಗ್ ಕೂರುವ ತೋಡಿನಲ್ಲಿ ಅಂಟಾಗುತ್ತದೆ, ಸಿಲಿಂಡರ್ ಗೋಡೆಯ ಮೂಲಕ ಇಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ಎಣ್ಣೆಯನ್ನು 80 ಡಿಗ್ರಿಗೆ ಕಾಯಿಸಿದರೆ ಸ್ನಿಗ್ಧತೆ ಹತ್ತು ಹನ್ನೆರಡಕ್ಕೆ ಇಳಿಯುತ್ತದೆ. ಆಗಲೂ ಅದು ಡೀಸೆಲ್‌ಗೆ ಸಮವಲ್ಲ ಎಂಬುದನ್ನು ಗಮನಿಸಬೇಕು, ಏಕೆಂದರೆ ಕಿಟ್ ಮಾರುವವರು ಇದನ್ನು ಹೇಳುವುದು ಕಡಿಮೆ. ಬಿಸಿ ಮಾಡುವುದರಿಂದ ತೊಡಕು ಸಹಿಸುವಷ್ಟರ ಮಟ್ಟಿಗೆ ತಗ್ಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ರುಡಾಲ್ಫ್ ಡೀಸೆಲ್ ತನ್ನ ಇಂಜಿನ್ನನ್ನು ಕಡಲೆಕಾಯಿ ಎಣ್ಣೆಯಲ್ಲೇ ಓಡಿಸಿದ್ದ ಎಂಬ ಮಾತನ್ನು ಈ ಕಿಟ್‌ಗಳ ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಕಾಣುತ್ತೇವೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಚಿಕ್ಕ ಡೀಸೆಲ್ ಇಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿದ್ದು ನಿಜ. ಆದರೆ ಅದನ್ನು ಪ್ರದರ್ಶನಕ್ಕಿಟ್ಟದ್ದು ಒಟ್ಟೊ ಎಂಬ ಹೆಸರಿನ ಕಂಪನಿ, ಆ ಪ್ರಯೋಗಕ್ಕೆ ಪ್ರೇರಣೆ ಫ್ರೆಂಚ್ ಸರ್ಕಾರದ್ದು. ಡೀಸೆಲ್ ಅದನ್ನು 1912ರಲ್ಲಿ ನೆನೆದು ದಾಖಲಿಸಿದ. ಆ ಕಾಲದ ನಿಧಾನಗತಿಯ ಇಂಜಿನ್ನಿಗೂ ಇಂದಿನ ಲಾರಿಯ ಇಂಜಿನ್ನಿಗೂ ನಡುವೆ ಪೆಟ್ರೋಲಿಯಂ ಡೀಸೆಲ್‌ಗೆಂದೇ ತಿದ್ದಿ ತೀಡಿದ ಪಂಪು ಮತ್ತು ನಾಜಲ್‌ಗಳ ದೀರ್ಘ ಇತಿಹಾಸವಿದೆ. ಆ ನಂತರ ನಡೆದ ಪರೀಕ್ಷೆಗಳು ಹೆಚ್ಚು ಪ್ರಯೋಜನಕಾರಿ. ಜರ್ಮನಿಯಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ‘100 ಟ್ರ್ಯಾಕ್ಟರ್’ ಎಂಬ ಹೆಸರಿನ ಕಾರ್ಯಕ್ರಮದಡಿ ರೇಪ್‌ಸೀಡ್ ಎಣ್ಣೆಗೆ ಮಾರ್ಪಡಿಸಿದ ಟ್ರ್ಯಾಕ್ಟರ್‌ಗಳನ್ನು ಹೊಲದಲ್ಲಿ ದುಡಿಸಿ ನೋಡಿದಾಗ ಬಹಳಷ್ಟು ಯಂತ್ರಗಳು ದೊಡ್ಡ ತೊಂದರೆಯಿಲ್ಲದೆ ಓಡಿದವು, ಕೆಲವು ಭಾರಿ ಹಾನಿಗೊಳಗಾದವು. ಇಂಥ ಕಿಟ್ಟಿನಿಂದ ಏನನ್ನು ನಿರೀಕ್ಷಿಸಬಹುದು ಎಂಬುದಕ್ಕೆ ಈ ಫಲಿತಾಂಶ ಜಾಹೀರಾತಿಗಿಂತ ಪ್ರಾಮಾಣಿಕವಾದ ಉತ್ತರ ಕೊಡುತ್ತದೆ.

ಇನ್ನು ಪೆಟ್ಟಿಗೆಯಲ್ಲಿ ಬಂದ ಸಾಮಾನುಗಳ ವಿಚಾರ. ಎಣ್ಣೆಯ ಟ್ಯಾಂಕು ಅಲ್ಯೂಮಿನಿಯಂನದು, ಒಳಗೆ ತಳದ ಹತ್ತಿರ ಸುರುಳಿಯಾಗಿ ಹಾಯುವ ಕೊಳವೆಯಲ್ಲಿ ಇಂಜಿನ್ನನ್ನು ತಂಪಾಗಿಸಿ ತಾನು ಬಿಸಿಯಾದ ದ್ರವ, ಅಂದರೆ ಕೂಲೆಂಟ್, ಹರಿಯುತ್ತದೆ. ಟ್ಯಾಂಕಿನಿಂದ ಇಂಜಿನ್ನಿನವರೆಗೆ ಎಣ್ಣೆ ಬರುವ ಪೈಪು ಕೂಲೆಂಟ್ ಹೋಸಿನ ಒಳಗೇ ಹಾಯುವುದರಿಂದ ದಾರಿಯುದ್ದಕ್ಕೂ ಶಾಖ ಕಳೆದುಹೋಗುವುದಿಲ್ಲ. ಫಿಲ್ಟರಿನ ಸುತ್ತ ಬಿಸಿ ಕವಚ, ಅದರ ಮುಂದೆ ತಟ್ಟೆಗಳನ್ನು ಒತ್ತಿ ಜೋಡಿಸಿದ ಸ್ಟೇನ್‌ಲೆಸ್ ಸ್ಟೀಲಿನ ಶಾಖ ವಿನಿಮಯಕ, ಪಂಪಿಗೆ ಹೋಗುವ ಒಳಹರಿವಿಗೂ ಅಲ್ಲಿಂದ ಟ್ಯಾಂಕಿಗೆ ಹಿಂತಿರುಗುವ ಮರಳು ಹರಿವಿಗೂ ಒಂದೊಂದರಂತೆ ವಿದ್ಯುತ್ತಿನಿಂದ ತಿರುಗುವ ಮೂರು ಬಾಯಿಯ ಸೊಲೆನಾಯ್ಡ್ ವಾಲ್ವುಗಳು, ಡ್ಯಾಶ್‌ಬೋರ್ಡಿಗೆ ಒಂದು ಸ್ವಿಚ್ಚು, ಒಂದು ಉಷ್ಣತಾ ಮಾಪಕ ಮತ್ತು ಫಿಲ್ಟರ್ ಕಟ್ಟಿಕೊಂಡಾಗ ಸೂಚಿಸುವ ನಿರ್ವಾತ ಮಾಪಕ. ಇವುಗಳಲ್ಲಿ ಹಣಕ್ಕೆ ತಕ್ಕ ಬೆಲೆ ಇರುವುದು ಶಾಖ ವಿನಿಮಯಕಕ್ಕೆ. ಕೂಲೆಂಟ್ 85 ಡಿಗ್ರಿ ಮುಟ್ಟಿದ ಮೇಲೆ ಪಂಪಿನ ಬಾಯಿಯಲ್ಲಿ ಎಣ್ಣೆ ಅದಕ್ಕಿಂತ ಕೆಲವೇ ಡಿಗ್ರಿ ಕಡಿಮೆಯಲ್ಲಿ ನಿಲ್ಲುತ್ತದೆ, ಏರಿನಲ್ಲಿ ಪೂರ್ತಿ ಭಾರ ಹೊತ್ತು ಹೋಗುವಾಗಲೂ ಮುಳ್ಳು ಇಳಿಯುವುದಿಲ್ಲ. ಟ್ಯಾಂಕನ್ನು ಮಾತ್ರ ಕಾಯಿಸಿ ಉಳಿದುದನ್ನು ದಾರಿಗೆ ಬಿಡುವ ಅಗ್ಗದ ಕಿಟ್‌ಗಳಲ್ಲಿ ಈ ಸ್ಥಿರತೆ ಇರಲು ಸಾಧ್ಯವಿಲ್ಲ.

ಮಾಪಕದ ವಿಷಯದಲ್ಲಿ ತಯಾರಕರು ಎಡವಿದ್ದಾರೆ. ಉಷ್ಣತೆಯನ್ನು ಅಳೆಯುವ ಸೆನ್ಸರನ್ನು ಅವರು ಟ್ಯಾಂಕಿನಲ್ಲಿ ಕೂರಿಸಲು ಹೇಳುತ್ತಾರೆ. ಟ್ಯಾಂಕಿನ ಉಷ್ಣತೆ ಚಾಲಕನಿಗೆ ಅಗತ್ಯವಾದ ಅಂಕಿಯಲ್ಲ. ಬೇಕಾದದ್ದು ಶಾಖ ವಿನಿಮಯಕ ದಾಟಿ ಪಂಪಿಗೆ ಹೊಕ್ಕುವ ಜಾಗದ ಉಷ್ಣತೆ. ಚಳಿಯ ಬೆಳಗಿನಲ್ಲಿ ಈ ಎರಡು ಅಂಕಿಗಳ ನಡುವೆ ಬಹಳ ಅಂತರವಿರುತ್ತದೆ. ಸೆನ್ಸರನ್ನು ಪಂಪಿನ ಪಕ್ಕಕ್ಕೆ ಬದಲಿಸುವುದು ಕಷ್ಟದ ಕೆಲಸವಲ್ಲ, ಒಂದು ಟಿ ಜಾಯಿಂಟ್ ಮತ್ತು ಸ್ವಲ್ಪ ವೈರು ಸಾಕು. ಈ ಬದಲಾವಣೆಯನ್ನು ಮಾಡದೆ ಯಾರೂ ಕಿಟ್ ಬಳಸಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಅಲ್ಲಿ 70 ಡಿಗ್ರಿ ಕಾಣುವವರೆಗೆ ಸ್ವಿಚ್ಚು ಮುಟ್ಟದಿರುವುದು ನನ್ನ ಪದ್ಧತಿ.

ಇನ್ನೂ ದೊಡ್ಡ ದೋಷವಿರುವುದು ಪರ್ಜ್ ಮಾಡುವ ವ್ಯವಸ್ಥೆಯಲ್ಲಿ. ನಿಲ್ಲಿಸುವ ಮುನ್ನ ಪಂಪು, ಪೈಪು ಮತ್ತು ಇಂಜೆಕ್ಟರ್‌ಗಳಲ್ಲಿರುವ ಎಣ್ಣೆಯನ್ನು ಡೀಸೆಲ್‌ನಿಂದ ತೊಳೆದು ಹೊರದೂಡಬೇಕು. ಹಾಗೆ ಮಾಡದೆ ತಣ್ಣಗಾಗಲು ಬಿಟ್ಟರೆ ಮರುದಿನ ಮಂದ ಎಣ್ಣೆಯಲ್ಲೇ ಸ್ಟಾರ್ಟ್ ಮಾಡಬೇಕಾಗುತ್ತದೆ. ಇಂಧನ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂದು ಸೂಚಿಸುವ ಸೀಟೇನ್ ಸಂಖ್ಯೆ ಸಸ್ಯಜನ್ಯ ಎಣ್ಣೆಯಲ್ಲಿ 40ರ ಸುತ್ತಮುತ್ತ ಇರುವುದರಿಂದ ತಣ್ಣಗಿನ ಸಿಲಿಂಡರಿನಲ್ಲಿ ಅದು ಹೊತ್ತಿಕೊಳ್ಳುವುದು ತಡವಾಗುತ್ತದೆ, ಬಿಳಿ ಹೊಗೆ ಬರುತ್ತದೆ, ಇಂಜಿನ್ನಿನಲ್ಲಿ ಬಡಿದಂಥ ಸದ್ದು (ನಾಕಿಂಗ್) ಕೇಳಿಸುತ್ತದೆ. ಕಿಟ್ಟಿನ ಸ್ವಿಚ್ಚಿನಲ್ಲಿ ಪರ್ಜ್‌ಗೆ ಒಂದು ಟೈಮರ್ ಇದೆ, ಅದರ ಅವಧಿ ತೀರಿದೊಡನೆ ಹಸಿರು ದೀಪ ಹೊತ್ತುತ್ತದೆ. ಆ ಅವಧಿ ಚಿಕ್ಕ ಇಂಜಿನ್ನುಗಳಿಗೆ ಸಾಕಾಗಬಹುದು. ಉದ್ದದ ಪೈಪು ಮತ್ತು ದೊಡ್ಡ ಪಂಪು ಇರುವ ಲಾರಿಗೆ ಸಾಲದು. ಮರಳು ಹರಿವಿನ ಪೈಪಿನಲ್ಲಿ ಒಂದು ಗೇಣು ಪಾರದರ್ಶಕ ಹೋಸ್ ಹಾಕಿಕೊಂಡರೆ ಇದು ಕಣ್ಣಿಗೇ ಕಾಣುತ್ತದೆ: ಹಸಿರು ದೀಪ ಹೊತ್ತಿದ ಮೇಲೂ ಒಳಗೆ ಕಂದು ಬಣ್ಣದ ಎಣ್ಣೆ ಎಳೆಎಳೆಯಾಗಿ ಹರಿಯುತ್ತಲೇ ಇರುತ್ತದೆ, ಅದು ತಿಳಿಯಾಗಲು ಇನ್ನೂ ಅಷ್ಟೇ ಹೊತ್ತು ಬೇಕು. ಹೀಗೆ ಹೊರಬರುವ ಮಿಶ್ರಣ ಎಣ್ಣೆಯ ಟ್ಯಾಂಕಿಗೆ ಹೋಗಬೇಕೇ ಹೊರತು ಡೀಸೆಲ್ ಟ್ಯಾಂಕಿಗಲ್ಲ. ಎರಡು ವಾಲ್ವುಗಳೂ ಒಂದೇ ಕ್ಷಣಕ್ಕೆ ತಿರುಗುವಂತೆ ವೈರ್ ಮಾಡಿದರೆ ಪ್ರತಿ ಸಲವೂ ಒಂದಿಷ್ಟು ಎಣ್ಣೆ ಡೀಸೆಲ್ ಟ್ಯಾಂಕಿಗೆ ಸೇರಿ, ಕೊನೆಗೆ ಸ್ಟಾರ್ಟ್ ಮಾಡುವ ಇಂಧನವೇ ಕೆಡುತ್ತದೆ. ಒಳಹರಿವಿನ ವಾಲ್ವು ಮೊದಲು ತಿರುಗಿ, ಮರಳು ಹರಿವಿನದು ತಡವಾಗಿ ತಿರುಗಬೇಕು. ಕಿಟ್ಟಿನ ಕೈಪಿಡಿಯಲ್ಲಿ ಈ ವಿಷಯಕ್ಕೆ ಒಂದೇ ಸಾಲು ಮೀಸಲಾಗಿದೆ, ಚಿತ್ರವಿಲ್ಲ.

ರಸ್ತೆಯಲ್ಲಿ ಲಾರಿಯ ನಡತೆಯ ಬಗ್ಗೆ ದೂರಿಲ್ಲ. ತೂಕದ ಲೆಕ್ಕದಲ್ಲಿ ಸಸ್ಯಜನ್ಯ ಎಣ್ಣೆಯ ಶಕ್ತಿ ಡೀಸೆಲ್‌ಗಿಂತ ಎದ್ದು ಕಾಣುವಷ್ಟು ಕಡಿಮೆ, ಕಿಲೊಗೆ 43ರ ಬದಲು ಸುಮಾರು 37 ಮೆಗಾಜೂಲ್. ಆದರೆ ಎಣ್ಣೆ ಹೆಚ್ಚು ಸಾಂದ್ರವಾಗಿರುವುದರಿಂದ ಲೀಟರಿನ ಲೆಕ್ಕದಲ್ಲಿ ಕೊರತೆ ಶೇಕಡ ಐದರ ಸುತ್ತಮುತ್ತ ಮಾತ್ರ. ಭಾರ ಹೊತ್ತು ಏರು ಹತ್ತುವಾಗ ಗೇರ್ ಸ್ವಲ್ಪ ಬೇಗ ಇಳಿಸಬೇಕಾಗುತ್ತದೆ, ಸಮತಟ್ಟಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಇಂಜಿನ್ನಿನ ಸದ್ದು ತುಸು ಮೃದುವಾಗುತ್ತದೆ. ಎಣ್ಣೆಯಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಿಮೆ, ಕರಿದ ತಿಂಡಿಯ ವಾಸನೆ ಹೊಗೆಯಲ್ಲಿ ಇದ್ದೇ ಇರುತ್ತದೆ.

ಕಿಟ್ ಕೊಳ್ಳುವವರು ಹೆಚ್ಚಾಗಿ ಲೆಕ್ಕಕ್ಕೆ ತೆಗೆದುಕೊಳ್ಳದ ಕೆಲಸ ಲಾರಿಯ ಹೊರಗೆ ನಡೆಯುತ್ತದೆ. ಅಡುಗೆಮನೆಗಳಿಂದ ಬರುವ ಎಣ್ಣೆಯಲ್ಲಿ ಹಿಟ್ಟಿನ ಚೂರು, ಸುಟ್ಟ ಕರಿ, ಉಪ್ಪು, ನೀರು ಮತ್ತು ಪದೇ ಪದೇ ಕಾಯಿಸಿದ್ದರಿಂದ ಹುಟ್ಟಿದ ಮುಕ್ತ ಕೊಬ್ಬಿನಾಮ್ಲಗಳು ಇರುತ್ತವೆ. ಇಂಧನವಾಗಿ ಬಳಸುವ ರೇಪ್‌ಸೀಡ್ ಎಣ್ಣೆಗೆ ಜರ್ಮನಿಯ ಡಿಐಎನ್ 51605 ಎಂಬ ಮಾನದಂಡವಿದೆ. ಅದರ ಪ್ರಕಾರ ಒಂದು ಕಿಲೊ ಎಣ್ಣೆಯಲ್ಲಿ ನೀರು 750 ಮಿಲಿಗ್ರಾಂ, ಒಟ್ಟು ಕಶ್ಮಲ 24 ಮಿಲಿಗ್ರಾಂ ಮೀರಬಾರದು, ಆಮ್ಲ ಸಂಖ್ಯೆ 2ನ್ನು ದಾಟಬಾರದು. ಅದು ತಾಜಾ ಎಣ್ಣೆಗೆ ಬರೆದ ಮಾನದಂಡವಾದರೂ ಕರಿದ ಎಣ್ಣೆಯನ್ನು ಎಲ್ಲಿಯವರೆಗೆ ಶುದ್ಧಗೊಳಿಸಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಗುರಿ ನನಗೆ ತಿಳಿದಿಲ್ಲ.

ಕ್ರಮ ಹೀಗಿದೆ. ಎತ್ತರದ ಡ್ರಮ್ಮಿನಲ್ಲಿ ಎಣ್ಣೆಯನ್ನು ಅಲುಗಿಸದೆ ವಾರಗಟ್ಟಲೆ ನಿಲ್ಲಿಸಿದರೆ ಗಸಿಯೂ ನೀರೂ ತಳಕ್ಕೆ ಇಳಿಯುತ್ತವೆ; ಎಣ್ಣೆಯನ್ನು ತೆಗೆಯುವುದು ಮೇಲಿನಿಂದ, ತಳದ ಭಾಗವನ್ನು ಮುಟ್ಟುವುದಿಲ್ಲ. ಅನಂತರ ಹದವಾಗಿ ಕಾಯಿಸಿ ಮತ್ತೆ ಆರಲು ಬಿಟ್ಟರೆ ಉಳಿದ ನೀರಿನ ಬಹುಪಾಲು ಬೇರ್ಪಡುತ್ತದೆ. ಆಮೇಲೆ ಸೋಸುವುದು: ಮೊದಲು ಬಟ್ಟೆ, ನಂತರ ಹತ್ತು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್), ಐದು ಮೈಕ್ರಾನ್, ಕೊನೆಗೆ ಎರಡು ಮೈಕ್ರಾನಿನ ಫಿಲ್ಟರ್. ಇಂಜೆಕ್ಷನ್ ಪಂಪಿನಲ್ಲಿ ಇಂಧನ ಒತ್ತುವ ದಂಡ ಪ್ಲಂಜರಿಗೂ ಅದು ಚಲಿಸುವ ಕೊಳವೆ ಬ್ಯಾರೆಲ್ಲಿಗೂ ನಡುವಿನ ಸಂದು ಕೆಲವೇ ಮೈಕ್ರಾನ್ ಇರುವುದರಿಂದ ಕೊನೆಯ ಹಂತವನ್ನು ಬಿಡುವಂತಿಲ್ಲ. ನೀರು ಉಳಿದಿದೆಯೇ ಎಂದು ನೋಡಲು ಚೆನ್ನಾಗಿ ಕಾದ ಕಬ್ಬಿಣದ ಬಾಣಲೆಗೆ ಒಂದು ಚಮಚ ಎಣ್ಣೆ ಬಿಡಬೇಕು, ಕಣ್ಣಿಗೆ ಕನ್ನಡಕ ಇರಲೇಬೇಕು. ನೀರಿದ್ದರೆ ಚಟಪಟ ಸಿಡಿಯುತ್ತದೆ. ಕಡಿಮೆ ಇದ್ದರೆ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. ಏನೂ ಇಲ್ಲದಿದ್ದರೆ ಎಣ್ಣೆ ಸುಮ್ಮನೆ ಹರಡಿಕೊಂಡು ಹೊಗೆಯಾಡುತ್ತದೆ. ಸಾಲು ಗುಳ್ಳೆ ಕಂಡರೂ ನಾನು ಆ ಎಣ್ಣೆಯನ್ನು ವಾಪಸು ಡ್ರಮ್ಮಿಗೆ ಸುರಿಯುತ್ತೇನೆ. ಆಮ್ಲದ ಪರೀಕ್ಷೆಗೆ ಫಿನಾಲ್ಫ್ತಲೀನ್ ಹಾಕಿ ಕ್ಷಾರದಿಂದ ಟೈಟ್ರೇಟ್ ಮಾಡುವ ಸರಳ ವಿಧಾನವಿದೆ, ಶಾಲೆಯ ಪ್ರಯೋಗಾಲಯದಲ್ಲಿ ಕಲಿತದ್ದೇ ಸಾಕು. ಆಮ್ಲ ಹೆಚ್ಚಿರುವ ಎಣ್ಣೆಯನ್ನು ಎಷ್ಟು ಸೋಸಿದರೂ ಅದು ಪಂಪಿನ ಲೋಹವನ್ನು ತಿನ್ನುವುದನ್ನು ಬಿಡುವುದಿಲ್ಲ, ಆದ್ದರಿಂದ ಅದನ್ನು ತೆಗೆದುಕೊಳ್ಳದಿರುವುದೇ ಒಳ್ಳೆಯದು. ಕಿಟ್ಟಿನ ಜೊತೆ ಕೊಡುವ ಕೈಪಂಪು ಮತ್ತು ಸೋಸುವ ಚೀಲ ಈ ಕೆಲಸಕ್ಕೆ ಏನೇನೂ ಸಾಲವು. ಸೋಸುವ ವ್ಯವಸ್ಥೆಯನ್ನು ಬೇರೆಯಾಗಿಯೇ ಮಾಡಿಕೊಳ್ಳಬೇಕು ಎಂದು ತಯಾರಕರು ನೇರವಾಗಿ ಬರೆದಿದ್ದರೆ ಕೊಳ್ಳುವವರಿಗೆ ಅನುಕೂಲವಾಗುತ್ತಿತ್ತು.

ಯಾವ ಎಣ್ಣೆ ಎಂಬುದೂ ಮುಖ್ಯ, ಈ ವಿಷಯದಲ್ಲಿ ಎರಡು ಒಳ್ಳೆಯ ಗುಣಗಳು ಒಟ್ಟಿಗೆ ಸಿಗುವುದಿಲ್ಲ. ಎಣ್ಣೆ ಎಷ್ಟು ಬೇಗ ಒಣಗಿ ಅಂಟಾಗುತ್ತದೆ ಎಂಬುದರ ಸೂಚಕ ಅದರ ಅಯೊಡಿನ್ ಮೌಲ್ಯ. ತೆಂಗಿನೆಣ್ಣೆಯದು ಹತ್ತರ ಸುತ್ತಮುತ್ತ, ತಾಳೆ ಎಣ್ಣೆಯದು ಐವತ್ತರ ಸುಮಾರು, ಸೋಯಾ ಮತ್ತು ಸೂರ್ಯಕಾಂತಿಯದು 130ರ ಹತ್ತಿರ, ಅಗಸೆ ಎಣ್ಣೆಯದು 180ರ ಆಸುಪಾಸು. ಮೌಲ್ಯ ಕಡಿಮೆ ಇರುವ ಎಣ್ಣೆಗಳು ಇಂಜಿನ್ನಿನಲ್ಲಿ ಅಂಟಾಗುವುದಿಲ್ಲ, ಆದರೆ ಚಳಿಗೆ ಹೆಪ್ಪುಗಟ್ಟುತ್ತವೆ. ಮೌಲ್ಯ ಹೆಚ್ಚಿರುವವು ಚಳಿಯಲ್ಲೂ ನೀರಾಗಿರುತ್ತವೆ, ಆದರೆ ಬಿಸಿ ಮತ್ತು ಗಾಳಿ ಸೇರಿದಲ್ಲೆಲ್ಲ ಅಣುಗಳು ಒಂದಕ್ಕೊಂದು ಕೂಡಿ ಗಟ್ಟಿ ಪಾಲಿಮರ್ ಆಗುತ್ತವೆ. ಹಳೆಯ ಬಾಣಲೆಯ ಅಂಚಿನಲ್ಲಿ ಉಜ್ಜಿದರೂ ಹೋಗದ ಕಂದು ಜಿಡ್ಡು ಕಟ್ಟಿರುತ್ತದಲ್ಲ, ರಿಂಗ್ ತೋಡಿನಲ್ಲಿ ಕಟ್ಟುವುದೂ ಅದೇ ಪದಾರ್ಥ. ಬಿಸಿ ಟ್ಯಾಂಕು ಇರುವುದರಿಂದ ಹೆಪ್ಪುಗಟ್ಟುವ ಎಣ್ಣೆಯನ್ನು ಈ ಕಿಟ್ ನಿಭಾಯಿಸುತ್ತದೆ, ಹಾಗಾಗಿ ತಾಳೆ ಎಣ್ಣೆ ಸಿಗುವುದಾದರೆ ನಾನು ಅದನ್ನೇ ಆರಿಸುತ್ತೇನೆ.

ತಾಮ್ರ ಈ ಪಾಲಿಮರ್ ಕ್ರಿಯೆಯನ್ನು ಚುರುಕುಗೊಳಿಸುವ ವೇಗವರ್ಧಕ. ಈ ಕಿಟ್ಟಿನಲ್ಲಿ ಎಣ್ಣೆಗೆ ತಾಗುವ ಯಾವ ಭಾಗವೂ ತಾಮ್ರದ್ದಲ್ಲ ಎಂಬುದು ಮೆಚ್ಚುವ ಸಂಗತಿ. ಕೂಡಿಸುವ ಮೆಕ್ಯಾನಿಕ್ ಕೈಗೆ ಸಿಕ್ಕಿತೆಂದು ಒಂದು ತುಂಡು ತಾಮ್ರದ ಪೈಪನ್ನೋ ಸತುವು ಲೇಪಿಸಿದ ಜಾಯಿಂಟನ್ನೋ ಹಾಕದಂತೆ ಪಕ್ಕದಲ್ಲಿ ನಿಂತು ನೋಡಿಕೊಳ್ಳಬೇಕು. ಎಣ್ಣೆ ಒರೆಸಿದ ಚಿಂದಿಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಲೂಬಾರದು, ಒಣಗುವಾಗ ಹುಟ್ಟುವ ಶಾಖಕ್ಕೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ದಾಸ್ತಾನಿನ ಎಣ್ಣೆಯಿಂದ ಅಂಥ ಭಯವಿಲ್ಲ, ಡೀಸೆಲ್‌ನ ಜ್ವಲನ ಬಿಂದು ಐವತ್ತೈದರ ಮೇಲಿದ್ದರೆ ಇದರದು 200 ಡಿಗ್ರಿಗೂ ಮೀರಿದ್ದು.

ಇಂಜಿನ್ ಆಯಿಲ್ ಬಗ್ಗೆ ವಿಶೇಷ ಎಚ್ಚರ ಬೇಕು. ಸಿಲಿಂಡರಿನಿಂದ ಸಂಪಿಗೆ, ಅಂದರೆ ಇಂಜಿನ್ ತಳದ ಆಯಿಲ್ ತೊಟ್ಟಿಗೆ, ಇಳಿಯುವ ಡೀಸೆಲ್ ಬಿಸಿಗೆ ಬಹುಮಟ್ಟಿಗೆ ಆವಿಯಾಗಿ ಹೋಗುತ್ತದೆ. ಸಸ್ಯಜನ್ಯ ಎಣ್ಣೆ ಆವಿಯಾಗದೆ ಅಲ್ಲೇ ಉಳಿದು ಆಯಿಲ್‌ನೊಂದಿಗೆ ಬೆರೆಯುತ್ತದೆ, ಪ್ರಮಾಣ ಮೀರಿದರೆ ಇಡೀ ಸಂಪು ಲೋಳೆಯಂತೆ ಗಟ್ಟಿಯಾಗುತ್ತದೆ. ಬದಲಿಸುವ ಅವಧಿಯನ್ನು ನಾನು ಅರ್ಧಕ್ಕೆ ಇಳಿಸಿದ್ದೇನೆ, ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರುತ್ತಿದೆಯೇ ಎಂದು ನೋಡುವುದನ್ನು ತಪ್ಪಿಸುವುದಿಲ್ಲ. ಆಯಿಲ್ ಕಡಿಮೆಯಾಗುವುದಕ್ಕಿಂತ ಹೆಚ್ಚಾಗುವುದು ಇಲ್ಲಿ ಕೆಟ್ಟ ಲಕ್ಷಣ.

ಇದೇ ಕಾರಣಕ್ಕೆ ಹೊಸ ಲಾರಿಗಳಿಗೆ ಈ ಕಿಟ್ಟನ್ನು ನಾನು ಶಿಫಾರಸು ಮಾಡಲಾರೆ. ಹೊಗೆಯ ಮಸಿ ಹಿಡಿಯುವ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್ ಇರುವ ಹಲವು ಇಂಜಿನ್ನುಗಳು ಅದನ್ನು ಸುಟ್ಟು ಶುಚಿಗೊಳಿಸಲು ಉರಿಯುವ ಹಂತ ಮುಗಿದ ಮೇಲೂ ಸಿಲಿಂಡರಿಗೆ ಇಂಧನ ಚಿಮ್ಮಿಸುತ್ತವೆ. ಡೀಸೆಲ್ ಆದರೆ ಆವಿಯಾಗಿ ಹೊಗೆಯ ಜೊತೆ ಹೋಗುತ್ತದೆ, ಎಣ್ಣೆ ಗೋಡೆಗೆ ಬಡಿದು ಸಂಪಿಗೆ ಇಳಿಯುತ್ತದೆ. ಎಲ್ಲ ಸಿಲಿಂಡರಿಗೂ ಒಂದೇ ಅಧಿಕ ಒತ್ತಡದ ಕೊಳವೆಯಿಂದ ಇಂಧನ ಪಡೆಯುವ ಕಾಮನ್ ರೈಲ್ ಇಂಜೆಕ್ಟರ್‌ಗಳು 1600 ಬಾರ್‌ಗೂ ಮೀರಿದ ಒತ್ತಡದಲ್ಲಿ ಕೆಲಸ ಮಾಡುವುದರಿಂದ ಅವುಗಳಿಗೆ ಎಣ್ಣೆಯ ಕಶ್ಮಲವನ್ನೂ ಆಮ್ಲವನ್ನೂ ತಡೆಯುವ ಶಕ್ತಿ ಇಲ್ಲ. ಹಳೆಯ ಇಂಜಿನ್ನುಗಳಲ್ಲೂ ಎಲ್ಲವೂ ಒಂದೇ ಅಲ್ಲ: ಇಂಜಿನ್ ಆಯಿಲ್‌ನಿಂದ ಲೂಬ್ರಿಕೇಟ್ ಆಗುವ ಇನ್‌ಲೈನ್ ಪಂಪು ಹೆಚ್ಚು ಸಹಿಸಿಕೊಳ್ಳುತ್ತದೆ, ಇಂಧನದಿಂದಲೇ ಲೂಬ್ರಿಕೇಟ್ ಆಗುವ ಕೆಲವು ರೋಟರಿ ಪಂಪುಗಳು ತಣ್ಣಗಿನ ಮಂದ ಎಣ್ಣೆ ಹೊಕ್ಕರೆ ಶಾಫ್ಟ್ ಮುರಿದುಕೊಳ್ಳುತ್ತವೆ. ಅಲ್ಲಲ್ಲಿ ನಿಂತು ಸರಕು ಇಳಿಸುತ್ತ ಊರೊಳಗೇ ಸುತ್ತುವ ಲಾರಿಗೂ ಇದು ಹೊಂದುವುದಿಲ್ಲ. ಇಂಜಿನ್ ಕಾಯುವ ಹೊತ್ತಿಗೆ ಪ್ರಯಾಣ ಮುಗಿದಿರುತ್ತದೆ, ಪರ್ಜ್ ಮಾಡುವುದರಲ್ಲೇ ಡೀಸೆಲ್ ಖರ್ಚಾಗುತ್ತದೆ. ಅಂಥವರಿಗೆ ಬಯೋಡೀಸೆಲ್ ವಾಸಿ. ಮೆಥನಾಲ್ ಮತ್ತು ಕ್ಷಾರ ಬೆರೆಸಿ ಗ್ಲಿಸರಿನ್ ಬೇರ್ಪಡಿಸಿದ ಅದೇ ಎಣ್ಣೆಯ ಸ್ನಿಗ್ಧತೆ ನಾಲ್ಕೈದಕ್ಕೆ ಇಳಿದಿರುತ್ತದೆ, ಲಾರಿಗೆ ಎರಡನೇ ಟ್ಯಾಂಕು ಬೇಕಿಲ್ಲ. ಆದರೆ ಮೆಥನಾಲ್ ವಿಷ, ಬೇಗ ಹೊತ್ತಿಕೊಳ್ಳುವಂಥದು, ಅದನ್ನು ನಿಭಾಯಿಸುವ ತರಬೇತಿ ಇಲ್ಲದವರು ಕೈ ಹಾಕಬಾರದು.

ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ತೆರನಾಗಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ದೃಷ್ಟಿಯಲ್ಲಿ ಪ್ರಮಾಣೀಕರಣವಿಲ್ಲದ ಇಂಥ ಮಾರ್ಪಾಡು ಅಲ್ಲಿನ ಶುದ್ಧ ವಾಯು ಕಾಯ್ದೆಯ ಉಲ್ಲಂಘನೆಯಾಗಬಹುದು. ಬ್ರಿಟನ್ 2007ರಲ್ಲಿ ವರ್ಷಕ್ಕೆ 2,500 ಲೀಟರಿನವರೆಗೆ ಇಂಥ ಇಂಧನ ತಯಾರಿಸಿ ಬಳಸುವವರಿಗೆ ಸುಂಕದ ವಿನಾಯಿತಿ ಕೊಟ್ಟಿತು. ಲಾರಿಯ ವಾರಂಟಿ, ವಿಮೆ, ಹೊಗೆ ತಪಾಸಣೆ ಮೂರರ ಬಗ್ಗೆಯೂ ತಮ್ಮಲ್ಲಿನ ನಿಯಮವನ್ನು ಕಿಟ್ಟಿಗೆ ಹಣ ಕಟ್ಟುವ ಮುನ್ನವೇ ವಿಚಾರಿಸಿಕೊಳ್ಳಬೇಕು.

ಕೂಡಿಸಿದ ಮೇಲೆ ಮಾರಾಟಗಾರರಿಂದ ಸಿಗುವ ಸೇವೆ ಸಮಾಧಾನಕರ. ಒಂದು ಸೊಲೆನಾಯ್ಡ್ ವಾಲ್ವಿನ ಸೀಲು ಬಿಸಿ ಎಣ್ಣೆಗೆ ಉಬ್ಬಿಕೊಂಡು ಅಂಟಿಕೊಂಡಾಗ ತಕರಾರಿಲ್ಲದೆ ಬದಲಿಸಿಕೊಟ್ಟರು, ಹೊಸದರಲ್ಲಿ ಬಿಸಿ ಎಣ್ಣೆಯನ್ನು ತಾಳುವ ವೈಟಾನ್ ರಬ್ಬರಿನ ಸೀಲು ಇತ್ತು. ಕೊಳ್ಳುವವರು ಎಲ್ಲ ವಾಲ್ವುಗಳಿಗೂ ಇದೇ ಸೀಲು ಇದೆಯೇ, ಪರ್ಜ್ ಟೈಮರಿನ ಅವಧಿಯನ್ನು ತಾವೇ ಹೆಚ್ಚಿಸಿಕೊಳ್ಳಬಹುದೇ, ಎರಡು ವಾಲ್ವುಗಳು ಬೇರೆ ಬೇರೆ ಹೊತ್ತಿಗೆ ತಿರುಗುವಂತೆ ವೈರಿಂಗ್ ಇದೆಯೇ ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆದುಕೊಂಡ ಮೇಲೆ ಮುಂಗಡ ಕೊಡುವುದು ಒಳ್ಳೆಯದು.